ಸುರಂಗದೊಳಗೆ ಆರಿದ ಬತ್ತಿ

ಅಕ್ಕನಿಗೆ ಭವ್ಯಶ್ರೀಯ ನಮಸ್ಕಾರ.

ಬಂಟ್ವಾಳದ ಈ ಗುಡ್ಡದಲ್ಲಿ ಬಾವಿ ತೋಡುವುದಿಲ್ಲ. ನೀರಿಗಾಗಿ ಗುಡ್ಡದ ಒಳಗೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ನಮ್ಮ ಬೆಳುವಾಯಿಯಲ್ಲಿ ಇಂಥದ್ದು ನೋಡಿಯೇ ಇಲ್ಲ. ಈಗ ನಮ್ಮ ಮನೆಗೂ ಒಂದು ಕೊರೆಯುತ್ತಿದ್ದೇವೆ; ಇವರು ಒಳಗೆ ಕೂತು ಪಿಕ್ಕಾಸಿನಿಂದ ಅಗೆಯುತ್ತಾರೆ, ನಾನು ಮಣ್ಣು ಹೊರುತ್ತೇನೆ. ಮೂವತ್ತು ಕೋಲು ಉದ್ದ ಆಗಿದೆ. ತೀರಿಹೋದ ಮಾವ ಅಗೆಯುವಾಗ ಪಕ್ಕದಲ್ಲಿ ಮೇಣದಬತ್ತಿ ಇಡುತ್ತಿದ್ದರೆಂದು ಅತ್ತೆ ಹೇಳಿದರು. ಅದು ಆರಿದರೆ ಒಳಗೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಇವರು ಮಾತ್ರ ತಲೆಗೆ ಕಟ್ಟುವ ಬ್ಯಾಟರಿ ಲೈಟು ತಂದಿದ್ದಾರೆ. ಅದು ಗಾಳಿ ಇಲ್ಲದಿದ್ದರೂ ಉರಿಯುತ್ತದೆ.

ನಿನ್ನೆ ನಾನೇ ಬತ್ತಿ ಹಚ್ಚಿ ಒಯ್ದೆ. ಇವರ ಹತ್ತಿರ ತಲುಪುವಾಗ ಆರಿತು.

“ನೀನು ಉಸಿರು ಬಿಟ್ಟದ್ದಕ್ಕೆ ಆರಿದ್ದು ಮಾರಾಯ್ತಿ. ಮಣ್ಣು ಒದ್ದೆ ಉಂಟು, ಇನ್ನು ನಾಲ್ಕು ಕೋಲು ಅಷ್ಟೇ” ಎಂದು ನಕ್ಕರು.

ನಾನು ಉಸಿರು ಹಿಡಿದುಕೊಂಡಿದ್ದೆ ಅಕ್ಕ.

ನೀರು ಬೇಕೇ ಬೇಕು. ಕೆಳಗಿನ ನಳ್ಳಿಯಿಂದ ಕೊಡಪಾನ ಹೊತ್ತು ತರುವುದರಲ್ಲಿ ಅರ್ಧ ದಿನ ಹೋಗುತ್ತದೆ, ಬೀಡಿ ಕಟ್ಟಲು ಹೊತ್ತೇ ಸಿಗುವುದಿಲ್ಲ. ಆದರೆ ಹೀಗೆ ಬೇಡ.

ನಾನು ಸೌಖ್ಯ, ಸೊಂಟನೋವು ಮಾತ್ರ ಉಂಟು. ಫೋನಿನಲ್ಲಿ ಎಲ್ಲರ ಎದುರು ಹೇಳಲು ನಾಚಿಕೆ, ಅದಕ್ಕೆ ಈ ಕಾಗದ. ಭಾವನನ್ನು ಒಮ್ಮೆ ಕಳಿಸು. ಅವರು ಹೇಳಿದರೆ ಇವರು ಕೇಳುತ್ತಾರೆ.

ಇಷ್ಟು ಬರೆಯುವಾಗ ಒಳಗಿನ ಪಿಕ್ಕಾಸಿನ ಸದ್ದು ನಿಂತಿತ್ತು, ಕಾಗದ ಬಿಟ್ಟು ಸುರಂಗದ ಬಾಯಿಗೆ ಓಡಿ ಇವರನ್ನು ಕರೆದೆ. ಈಗ ಪುನಃ ಕೇಳುತ್ತಿದೆ. ಭಾವ ಬೇಗ ಬರಲಿ.

ನಿನ್ನ ತಂಗಿ
ಭವ್ಯಶ್ರೀ