ಮೇಷ್ಟ್ರ ಮಂಗಳವಾರಗಳು

ಮನೆ,
ಭಾನುವಾರ ಮಧ್ಯಾಹ್ನ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಮ್ಮಿಯಾಯಿತಾ? ಅಲ್ಲಿ ನಿನ್ನನ್ನು ಬಡಗಿ ಕೆಲಸಕ್ಕೆ ಹಾಕಿದ್ದಾರೆ ಅಂತ ಓದಿ ನಗು ಬಂತು. ನೀನು ರಿಪೇರಿ ಮಾಡಿದ ಮೇಲೆ ನಮ್ಮ ಅಡುಗೆಮನೆ ಸ್ಟೂಲಿನ ಮೇಲೆ ಇವತ್ತಿಗೂ ಯಾರೂ ಕೂತಿಲ್ಲ. ಇಪ್ಪತ್ತು ವರ್ಷ ಲಾರಿ ಓಡಿಸಿದವನ ಕೈಗೆ ಜೈಲಿನವರು ಉಳಿ ಕೊಟ್ಟಿದ್ದಾರೆ ಅಂದರೆ ಅವರ ಧೈರ್ಯ ಮೆಚ್ಚಬೇಕು. ಹುಷಾರಾಗಿ ಕೆಲಸ ಮಾಡು, ಬೆರಳು ಹತ್ತೂ ಬೇಕು ನಿನಗೆ.

ನಾನು ಚೆನ್ನಾಗಿದ್ದೇನೆ. ಲಾಂಡ್ರಿಯಲ್ಲಿ ಮೊದಲಿನ ಹಾಗೇ ಬೆಳಗಿಂದ ಸಂಜೆವರೆಗೆ ಇಸ್ತ್ರಿ. ಹೋಟೆಲಿನವರ ಬಿಳಿ ಹೊದಿಕೆಗಳು ಬರುತ್ತವೆ, ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ರಾಶಿ. ಪ್ರತಿ ಕಾಗದದಲ್ಲೂ ನೀನು ಮೇಷ್ಟ್ರು ಹೇಗಿದ್ದಾರೆ ಅಂತ ಕೇಳುತ್ತೀಯ, ನಾನು ಚೆನ್ನಾಗಿದ್ದಾರೆ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಿದ್ದೆ. ನಾಯಿಗೆ ಬಹುವಚನ ಕೊಡುವ ಮನೆ ನಮ್ಮದೊಂದೇ ಇರಬೇಕು. ಕಣ್ಣಿನ ಸುತ್ತ ಕನ್ನಡಕದ ಹಾಗಿರುವ ಕಪ್ಪು ಉಂಗುರ ನೋಡಿ ಹೆಸರಿಟ್ಟವನು ನೀನು, ಮರ್ಯಾದೆ ಕೊಟ್ಟುಕೊಂಡು ಓಡಾಡುವವಳು ನಾನು. ಇವತ್ತು ಒಂದು ಸಾಲಿನಲ್ಲಿ ಮುಗಿಸುವುದಿಲ್ಲ ಅಣ್ಣಾ. ಎಲ್ಲಾದರೂ ಒಬ್ಬನೇ ಕೂತು ಓದು.

ಹೋದ ಅಕ್ಟೋಬರಿನಲ್ಲಿ, ಸ್ನಾನ ಮಾಡಿಸಿ ಕುತ್ತಿಗೆ ಒರೆಸುವಾಗ ದವಡೆಯ ಕೆಳಗೆ ಕೈಗೆ ಎರಡು ಗಂಟು ಸಿಕ್ಕಿದವು. ನೆಲ್ಲಿಕಾಯಿಯಷ್ಟು. ನೋವಿರಲಿಲ್ಲ, ಒತ್ತಿದರೂ ಅವರು ಸುಮ್ಮನೆ ನನ್ನ ಮುಖ ನೋಡಿದರು. ಹಲ್ಲಿಗೆ ಏನೋ ಆಗಿರಬೇಕು ಅಂದುಕೊಂಡು ಪಶು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಹಿಂಗಾಲಿನ ಹಿಂದೆ, ಭುಜದ ಮುಂದೆ, ಎಲ್ಲ ಕಡೆ ಮುಟ್ಟಿ ನೋಡಿದರು. ಎಲ್ಲ ಕಡೆಯೂ ಗಂಟುಗಳಿದ್ದವು. ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನ ಬಿಟ್ಟು ಕ್ಯಾನ್ಸರ್ ಅಂದರು. ವಾಸಿಯಾಗುವ ಜಾತಿಯದಲ್ಲವಂತೆ, ಔಷಧ ಕೊಟ್ಟರೆ ಕೆಲವು ತಿಂಗಳು ಆರಾಮಾಗಿ ಇರಬಹುದಂತೆ. ನಾನು ಆಯಿತು ಅಂದೆ. ನಿನಗೆ ಬರೆಯಬೇಕು ಅಂತ ಅವತ್ತೇ ಕಾಗದ ತೆಗೆದೆ. ಆಮೇಲೆ, ನಾಲ್ಕು ಗೋಡೆಯೊಳಗೆ ಕೂತವನು ಇದನ್ನು ಓದಿ ಮಾಡುವುದಾದರೂ ಏನು ಅನ್ನಿಸಿತು. ಮೇಷ್ಟ್ರು ಚೆನ್ನಾಗಿದ್ದಾರೆ ಅಂತ ಬರೆದು ಅಂಟಿಸಿಬಿಟ್ಟೆ.

ಅಲ್ಲಿಂದ ಪ್ರತಿ ಮಂಗಳವಾರ ಆಸ್ಪತ್ರೆ. ಮುಂಗಾಲಿನಲ್ಲಿ ಒಂದಂಗೈಯಷ್ಟು ಕೂದಲು ಬೋಳಿಸಿ ಅಲ್ಲಿ ಸೂಜಿ ಚುಚ್ಚುತ್ತಿದ್ದರು. ಔಷಧ ಒಂದು ಹನಿಯೂ ನರದ ಆಚೆ ಸೋರಬಾರದು, ನಾಯಿ ಅಲ್ಲಾಡಬಾರದು. ನಾನು ಅವರ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಮೇಷ್ಟ್ರು ಒಂದು ದಿನವೂ ಹಲ್ಲು ತೋರಿಸಲಿಲ್ಲ. ಔಷಧ ಕೊಟ್ಟ ಮೇಲೆ ಎರಡು ಮೂರು ದಿನ ಅವರ ಉಚ್ಚೆಯಲ್ಲೂ ವಿಷ ಇರುತ್ತದಂತೆ, ಕೈಗವಸು ಹಾಕಿಕೊಂಡೇ ಒರೆಸಬೇಕು. ಮಾತ್ರೆಯಿಂದ ಬಾಯಾರಿಕೆ ಜಾಸ್ತಿ, ಬಕೆಟ್ಟುಗಟ್ಟಲೆ ನೀರು ಕುಡಿಯುವುದು, ಬಾಗಿಲು ತೆಗೆಯುವುದರೊಳಗೆ ಅಲ್ಲೇ ಹೋಗಿಬಿಡುವುದು. ಹಾಗಾದಾಗ ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು, ನಾಚಿಕೆ. ಮನೆಯಲ್ಲಿ ಯಾರೂ ನೋಡುವವರಿಲ್ಲ ಮೇಷ್ಟ್ರೇ, ಇರುವವಳು ನಾನೊಬ್ಬಳೇ ಅಂತ ಹೇಳಿ ಒರೆಸುತ್ತಿದ್ದೆ. ಹೇಳಿದ ಮೇಲೆ ಆ ಮಾತು ನನಗೇ ಕೇಳಿಸುತ್ತಿತ್ತು.

ಮೂರನೇ ವಾರ ವಾಂತಿ ಶುರುವಾಯಿತು. ಎರಡು ದಿನ ರಜೆ ಹಾಕಿದೆ. ಮೂರನೇ ದಿನ ಲಾಂಡ್ರಿ ಯಜಮಾನಿ ಫೋನ್ ಮಾಡಿದಳು, ಕೆಲಸ ಹೋಯಿತು ಅಂದುಕೊಂಡೆ. ಅವಳು ನಾಯಿಯನ್ನೂ ಕರೆದುಕೊಂಡು ಬಾ ಅಂದಳು, ಆದರೆ ಬಿಳಿ ಬಟ್ಟೆಯ ಮೇಲೆ ಒಂದು ಕೂದಲು ಕಂಡರೂ ಇಬ್ಬರೂ ಹೊರಗೆ ಅಂತ ಸೇರಿಸಿದಳು. ಆ ಹೆಂಗಸಿನ ಬಾಯಿಯ ವಿಷಯ ನಿನಗೆ ಗೊತ್ತಲ್ಲ. ಈಗ ಅವಳೇ ಮಧ್ಯಾಹ್ನ ಕೋಳಿ ಬೇಯಿಸಿದ ನೀರು ತಂದು, ತನಗಾಗಿ ತಂದದ್ದು ಉಳಿಯಿತು ಅಂತ ಸುಳ್ಳು ಹೇಳಿ ತಟ್ಟೆಗೆ ಹಾಕುತ್ತಾಳೆ. ಮೇಷ್ಟ್ರು ನನ್ನ ಮೇಜಿನ ಕೆಳಗೆ, ಬಿಸಿಗಾಳಿ ಬೀಳುವ ಜಾಗದಲ್ಲಿ ಮಲಗಿರುತ್ತಾರೆ.

ನೀನು ಹೋದ ಮೇಲೆ ಬೀದಿಯಲ್ಲಿ ಯಾರೂ ಜಗಳ ಆಡಲಿಲ್ಲ ಅಣ್ಣಾ. ಆಡಿದ್ದರೆ ಚೆನ್ನಾಗಿತ್ತು. ಸುಮ್ಮನಾಗಿಬಿಟ್ಟರು ಅಷ್ಟೇ. ನಿದ್ದೆಗೆಟ್ಟು ಲಾರಿ ಓಡಿಸಿ ಸೈಕಲ್ಲಿನವನ ಜೀವ ತೆಗೆದವನ ತಂಗಿಯ ಹತ್ತಿರ ಏನು ಮಾತಾಡಬೇಕೋ ಅವರಿಗೂ ಗೊತ್ತಿರಲಿಕ್ಕಿಲ್ಲ. ನೀನೂ ಭೇಟಿಯ ಕಾಗದಕ್ಕೆ ಸಹಿ ಹಾಕದೆ ಎರಡು ಸಲ ವಾಪಸ್ ಕಳಿಸಿದೆ, ಈ ಬಟ್ಟೆಯಲ್ಲಿ ನನ್ನನ್ನು ನೋಡಬೇಡ ಅಂದೆ. ಮೇಷ್ಟ್ರು ನಿನ್ನ ದಾರಿ ಕಾಯುತ್ತಾರೆ ಅಂತ ಬರೆದರೆ ನಿನಗೆ ಖುಷಿಯಾಗುತ್ತಿತ್ತು, ಆದರೆ ಅದು ಸುಳ್ಳು. ಅವರು ಊಟ ಮಾಡಿ ನಿದ್ದೆ ಹೊಡೆಯುತ್ತಿದ್ದರು. ದಾರಿ ಕಾದವಳು ನಾನು.

ಹಾಗಾಗಿ ಮಂಗಳವಾರ ಬಂದರೆ ನನಗೆ ಒಂಥರಾ ಹಬ್ಬ. ಆಸ್ಪತ್ರೆಯ ಬೆಂಚಿನಲ್ಲಿ ಕೂತವರು ನಿನ್ನ ಅಣ್ಣ ಎಲ್ಲಿ ಅಂತ ಕೇಳುವುದಿಲ್ಲ, ಇವತ್ತು ತಿಂದನಾ ಅಂತ ಕೇಳುತ್ತಾರೆ. ಒಬ್ಬರು ಮುದುಕರು, ಪೋಸ್ಟ್‌ಮನ್ ಆಗಿ ರಿಟೈರ್ ಆದವರು, ಬುಟ್ಟಿಯಲ್ಲಿ ಬೆಕ್ಕು ಇಟ್ಟುಕೊಂಡು ಬರುತ್ತಿದ್ದರು. ಅದಕ್ಕೂ ಇದೇ ಕಾಯಿಲೆ. ಜನವರಿಯಲ್ಲಿ ಒಂದು ದಿನ ಬರಿಗೈಯಲ್ಲಿ ಬಂದು ಪಕ್ಕದಲ್ಲಿ ಕೂತರು. ಬೆಕ್ಕು ಎಲ್ಲಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಹೇಳಿದರು: “ಮಂಗಳವಾರ ಬೇರೆ ಎಲ್ಲಿಗೆ ಹೋಗಬೇಕೋ ಗೊತ್ತಾಗಲಿಲ್ಲಮ್ಮ.” ನಮ್ಮ ಸರದಿ ಬರುವ ತನಕ ಮೇಷ್ಟ್ರ ಕಿವಿ ಸವರುತ್ತ ಕೂತಿದ್ದು ಎದ್ದು ಹೋದರು. ಮುಂದಿನ ವಾರ ಬರಲಿಲ್ಲ.

ಗಂಟುಗಳು ಎರಡನೇ ವಾರಕ್ಕೇ ಕರಗಿದ್ದವು. ನವೆಂಬರಿನಿಂದ ಫೆಬ್ರವರಿವರೆಗೆ, ಕೆಟ್ಟ ದಿನಗಳನ್ನು ಬಿಟ್ಟರೆ, ಅವರು ಮೊದಲಿನ ಮೇಷ್ಟ್ರೇ. ಮೀಸೆ ಉದುರಿ ಮುಖ ಮಗುವಿನ ಹಾಗಾಗಿತ್ತು, ಗತ್ತು ಮಾತ್ರ ಹಾಗೇ ಇತ್ತು. ಒಂದು ದಿನ ಯಜಮಾನಿಯ ಚಪ್ಪಲಿಯನ್ನೂ ಕಡಿದು ಹಾಕಿದರು. ಅವಳು ಬೈದಳು, ನಾನು ಒಳಗೆ ಹೋಗಿ ಖುಷಿಗೆ ಅತ್ತೆ.

ಹೋದ ಮಂಗಳವಾರ ಡಾಕ್ಟರಮ್ಮ ದವಡೆ ಮುಟ್ಟಿದವರು ಕೈ ತೆಗೆಯಲಿಲ್ಲ. ಅದು ವಾಪಸ್ ಬಂದಿದೆ. ಬೇರೆ ಔಷಧ ಒಂದಿದೆ, ಕೊಟ್ಟರೆ ಇನ್ನೊಂದು ತಿಂಗಳು ಸಿಗಬಹುದು, ಆದರೆ ಆ ತಿಂಗಳು ವಾಂತಿಯಲ್ಲೇ ಹೋಗುತ್ತದೆ ಅಂದರು. ಮನೆಯವರನ್ನು ಕೇಳಿ ನಿಧಾನವಾಗಿ ಹೇಳಿ ಅಂದರು. ನಾನು ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತೆ. ಕೇಳಲು ಯಾರಿದ್ದಾರೆ? ಮೇಷ್ಟ್ರು ನಿನ್ನವರು, ತೀರ್ಮಾನ ನಿನ್ನದಾಗಬೇಕಿತ್ತು. ಕಾಗದ ಬರೆದು ಉತ್ತರ ಬರುವುದರೊಳಗೆ ಹದಿನೈದು ದಿನ. ಅವರು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿದ್ದರು. ಒಳಗೆ ಹೋಗಿ, ಇನ್ನು ಸೂಜಿ ಸಾಕು ಡಾಕ್ಟರೇ ಅಂದೆ. ಅವರು ನನ್ನ ಭುಜ ಹಿಡಿದುಕೊಂಡರು. ಎಷ್ಟೋ ತಿಂಗಳಾದ ಮೇಲೆ ಮನುಷ್ಯರೊಬ್ಬರು ನನ್ನನ್ನು ಮುಟ್ಟಿದ್ದು ಅದು.

ಈಗ ನೋವಿಲ್ಲ, ಮಾತ್ರೆ ಕೊಡುತ್ತಿದ್ದೇನೆ. ಎರಡು ವಾರ, ಹೆಚ್ಚೆಂದರೆ ಮೂರು. ಕಷ್ಟವಾದ ದಿನ ಡಾಕ್ಟರಮ್ಮ ಮನೆಗೇ ಬಂದು ಕೊನೆಯ ಸೂಜಿ ಕೊಟ್ಟು ಮಲಗಿಸುತ್ತಾರೆ. ಮುಚ್ಚಿಟ್ಟದ್ದಕ್ಕೆ ಬೈಯುವುದಿದ್ದರೆ ಬೈದು ಬರೆ. ನಾನು ಮಾಡಿದ್ದು ತಪ್ಪು ಅನ್ನಿಸಿದರೂ ಬರೆ, ಬರೆಯದೆ ಮಾತ್ರ ಇರಬೇಡ.

ನಿನ್ನ ಜೊತೆ ಬಡಗಿ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ಹೇಳು. ಹೊಟ್ಟೆ ತುಂಬ ಊಟ ಮಾಡು. ದೇವರು ನಿನಗೆ ನಿದ್ದೆ ಕೊಡಲಿ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಮರೆತು ಕೆಳಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿಮ್ಮ ಜೈಲಿನ ದೊಡ್ಡ ಅಧಿಕಾರಿಗೆ ಡಾಕ್ಟರಮ್ಮನ ಚೀಟಿ ಇಟ್ಟು ಬುಧವಾರ ನಾನೇ ಹೋಗಿ ಅರ್ಜಿ ಕೊಟ್ಟಿದ್ದೆ, ಶುಕ್ರವಾರ ಉತ್ತರ ಬಂತು. ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಹೊರಬಾಗಿಲ ಪಕ್ಕದ ಅಂಗಳದಲ್ಲಿ, ಕಾಲು ಗಂಟೆ. ಮೇಷ್ಟ್ರನ್ನು ಕರೆತರಲು ಒಪ್ಪಿದ್ದಾರೆ. ನೀನು ಸಹಿ ಹಾಕಿದರೆ ಮಾತ್ರ. ಭೇಟಿಯ ಕಾಗದ ಇದರ ಜೊತೆಗೇ ಇದೆ, ಅಂಚೆಯಲ್ಲಿ ತಡವಾಗುತ್ತದೆ ಅಂತ ನಾಳೆ ನಾನೇ ಆ ಅಧಿಕಾರಿಯ ಕೈಗೆ ಕೊಟ್ಟು ಬರುತ್ತೇನೆ. ಅಷ್ಟರೊಳಗೆ ಮೇಷ್ಟ್ರು ಹೋಗಿಬಿಟ್ಟಿದ್ದರೆ ನಾನೊಬ್ಬಳೇ ಬರುತ್ತೇನೆ. ಆಗಲೂ ಹೊರಗೆ ಬಾ ಅಣ್ಣಾ.