ಮಗಳು ಆರಿಸಿಕೊಂಡ ಗುರು

ರೀ,

ಹದಿನೇಳರ ನಿಮ್ಮ ಮಗಳು ಇವತ್ತು ತನ್ನ ಮುಂದಿನ ದಾರಿ ಹೇಳಿದಳು. "ಮೊದಲು ಅಕೌಂಟೆನ್ಸಿ ಓದ್ತೀನಮ್ಮ. ಆಮೇಲೆ ಅಪ್ಪನ ಹಾಗೆ ನಂದೇ ಫ್ಯಾಕ್ಟರಿ ಹಾಕ್ತೀನಿ. ರಜದಲ್ಲಿ ಕೆಲಸ ಕಲಿಸೋರೂ ಸಿಕ್ಕಿದಾರೆ."

ಸಂಜೆ ಆ ಕಲಿಸುವವನು ಮನೆಗೇ ಬಂದ. ನಿಮ್ಮ ಪಾಲುದಾರ. ನಿಮ್ಮನ್ನು ನಂಬಿಸಿ ಫ್ಯಾಕ್ಟರಿಯನ್ನೇ ತನ್ನ ಹೆಸರಿಗೆ ಬರೆಸಿಕೊಂಡವನು. ಅವಳ ಪಾಲಿಗೆ ಅವನು ಅಪ್ಪನ ಹಳೆಯ ಗೆಳೆಯ, ಅಷ್ಟೇ. ನೀವು ತೀರಿಕೊಂಡ ಮೇಲೂ ಬೇರೇನನ್ನೂ ನಾನು ಅವಳಿಗೆ ಹೇಳಿಲ್ಲ.

ಅವನು ಅವಳ ತಲೆ ಸವರಿ, "ಥೇಟ್ ಅಪ್ಪನ ಥರ. ಹೇಳಿದ್ದನ್ನ ತಕ್ಷಣ ನಂಬ್ತಾಳೆ. ಅಲ್ವಾ ಅತ್ತಿಗೆ?" ಎಂದು ನನ್ನನ್ನೇ ನೋಡಿ ನಕ್ಕ.

ಅವಳ ಮುಖದಲ್ಲಿ ಖುಷಿ ಉಕ್ಕುತ್ತಿತ್ತು. "ಟೀ ಕುಡೀತೀರಾ?" ಎಂದೆ.

ನಾಳೆ ಬೆಳಿಗ್ಗೆ ಅವಳನ್ನು ಫ್ಯಾಕ್ಟರಿಗೆ ಕರೆದೊಯ್ಯಲು ಅವನೇ ಕಾರು ತರುತ್ತಾನಂತೆ. ಅವಳ ಬಟ್ಟೆಗೆ ಇಸ್ತ್ರಿ ಮಾಡಿಟ್ಟಿದ್ದೇನೆ.