ಕಪ್ಪೆ ಕಾರಿನ ಎಡ ಮಡ್‌ಗಾರ್ಡ್

ಜನವರಿ 5, ಭಾನುವಾರ

ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಇನ್ನು ಹಾಕಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಅಮ್ಮ ಬಿಡುವುದಿಲ್ಲ. "ಎರಡು ತೊಟ್ಟು ಹಾಕೋಕೆ ನಿನಗೇನು ಕಷ್ಟ?" ಎನ್ನುತ್ತಾಳೆ.

ಆಮೇಲೆ ಹಂಗೇರಿಯನ್ ಕಾದಂಬರಿಯ ಅನುವಾದ ಓದಿದೆ. ನಾಯಕಿ ಎಡಚಿ ಎಂದು ಎರಡನೆಯ ಅಧ್ಯಾಯದಲ್ಲಿದೆ. ಒಂಬತ್ತನೆಯದರಲ್ಲಿ ಬಲಗೈಯಿಂದ ಪತ್ರ ಬರೆಯುತ್ತಾಳೆ. ತಪ್ಪು ಮೂಲದ್ದೋ, ಅನುವಾದದ್ದೋ... ಅಂಚಿನಲ್ಲಿ ಪೆನ್ಸಿಲ್ ಗುರುತು ಮಾಡಿದೆ. ಇಂಥದ್ದು ನನ್ನ ಕಣ್ಣಿಗೆ ತಪ್ಪುವುದಿಲ್ಲ.

ಅಷ್ಟರಲ್ಲಿ ಬೆಸಗರಹಳ್ಳಿಯಿಂದ ಸಿದ್ದರಾಜು ಫೋನು.

"ಸುಬಮ್ಮಾ, ಕೊಟ್ಟಿಗೆ ಕಾಲಿ ಮಾಡ್ಬೇಕಾಯ್ತದೆ ಕಣವ್ವಾ. ನಮ್ ಸೊಸೆ ರಂಜಿತ ಅಲ್ಲಿ ಇಟ್ಟಿನ ಗಿರಣಿ ಮಡಗ್ತಾಳಂತೆ. ಸಾಯೇಬ್ರ ಕಪ್ಪೆನ ಏನ್ ಮಾಡವ?"

ಕಪ್ಪೆ ಎಂದರೆ ಅಪ್ಪನ ಕಾರು. ಅಪ್ಪ ಅಧಿಕಾರಿಯಾಗಿದ್ದ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕೂರಿಸಲು ಬಂದಿದ್ದ ಜರ್ಮನ್ ಎಂಜಿನಿಯರ್ ತನ್ನೂರಿಗೆ ಮರಳುವಾಗ ಅಪ್ಪನಿಗೆ ಮಾರಿ ಹೋದ ಪೋರ್ಶೆ ಕೂಪೆ. ಎರಡೇ ಬಾಗಿಲು, ಗೂನು ಬೆನ್ನು, ಎಂಜಿನ್ ಹಿಂದೆ, ಮುಂದೆ ಎರಡು ಉಬ್ಬುಗಣ್ಣು. ಅಪ್ಪ ತೀರಿಕೊಂಡ ಮೇಲೆ ಮಂಡ್ಯದ ಗುತ್ತಲಿನ ಈ ಮನೆಯಲ್ಲಿ ನಿಲ್ಲಿಸಲು ಜಾಗವಿರಲಿಲ್ಲ. ಅವರ ಡ್ರೈವರಾಗಿದ್ದ ಸಿದ್ದರಾಜು ತನ್ನ ಕೊಟ್ಟಿಗೆಗೆ ಒಯ್ದ. ಮೂವತ್ತು ವರ್ಷವಾಯಿತು. ಒಂದು ದಿನವೂ ಬಾಡಿಗೆಯ ಮಾತೆತ್ತಿಲ್ಲ.

ಅಮ್ಮ ತಡಮಾಡದೆ "ಮಾರಿಬಿಡು" ಎಂದಳು. ಬೆಚ್ಚಿದೆ. ಅಳುತ್ತಾಳೆ ಅಂದುಕೊಂಡಿದ್ದೆ.

"ಒಂದೇ ಮಾತು. ಹೇಗಿದೆಯೋ ಹಾಗೇ ಹೋಗಬೇಕು. ಯಾರೂ ರಿಪೇರಿ ಗಿಪೇರಿ ಅಂತ ಕೈ ಹಾಕಕೂಡದು. ಕಳಿಸೋ ದಿನ ನನ್ನ ಕರ್ಕೊಂಡು ಹೋಗು. ಆ ನೆಗ್ಗನ್ನ ಒಂದು ಸಲ ಮುಟ್ಟಬೇಕು."

ಮುಂದಿನ ಎಡ ಮಡ್‌ಗಾರ್ಡಿನಲ್ಲಿ ಅಂಗೈ ಕೂರುವಷ್ಟು ನೆಗ್ಗು. 1974ರ ಸಂಕ್ರಾಂತಿಯದು. ಅಪ್ಪ ಮಳವಳ್ಳಿಯಲ್ಲಿ ಕಬ್ಬಿನ ಮೀಟಿಂಗಿಗೆ ಜೀಪಿನಲ್ಲಿ ಹೋಗಿದ್ದರು. ಸಿದ್ದರಾಜು ಮನೆಯವರು ಹಬ್ಬಕ್ಕೆ ಕರೆದಿದ್ದರು. ಅಮ್ಮ ಕಾಯಲಿಲ್ಲ. ತಾನೇ ಕಾರು ಹೊಡೆದುಕೊಂಡು ಹೋದಳು — ಹತ್ತು ತಿಂಗಳ ನಾನು ಮಡಿಲಲ್ಲಿ, ಆಗಿನ್ನೂ ಕಾರು ತೊಳೆಯುವ ಕೆಲಸದಲ್ಲಿದ್ದ ಸಿದ್ದರಾಜು ಪಕ್ಕದಲ್ಲಿ — ಹೋಗಿ ಅವರ ಅಂಗಳದಲ್ಲಿ ದನ ನೀರು ಕುಡಿಯುವ ಕಲ್ಲು ಬಾನಿಗೆ ಗುದ್ದಿದಳು. ಅಪ್ಪ ಬೈಯಲಿಲ್ಲ. ಸಾಯುವ ತನಕ ಮನೆಗೆ ಬಂದವರಿಗೆಲ್ಲ "ನಮ್ಮ ಆಂಡಾಳ್ ಕಾರು ಹೊಡೆದ ದಿನ" ಎಂದು ಆ ಕಥೆ ಹೇಳಿದರು. ಕೇಳಿದವರೆಲ್ಲ ನನ್ನ ಕಡೆ ತಿರುಗುವರು. ಅಂಥ ತಾಯಿಗೆ ಸ್ಕೂಟಿ ಹತ್ತಲೂ ಹೆದರುವ ಮಗಳು. ಇಪ್ಪತ್ತಾರು ವರ್ಷ ಕಾಲೇಜಿನ ಲೈಬ್ರರಿಗೆ ಆಟೋದಲ್ಲೇ ಹೋಗಿದ್ದೇನೆ.

ಜನವರಿ 8, ಬುಧವಾರ

ಅರ್ಧ ದಿನ ರಜೆ. ಕಾರಿನ ಸುದ್ದಿ ಕೇಳಿ ಮೈಸೂರಿನ ಗಗನ ಎಂಬವರು ಬಂದರು. ಹಲ್ಲಿನ ಡಾಕ್ಟರಮ್ಮ, ನಲವತ್ತರ ಒಳಗೆ. ಹಳೆಯ ಕಾರಿನ ಹುಚ್ಚು. ಅವರ ಜೊತೆ ಬೆಸಗರಹಳ್ಳಿಗೆ ಹೋದೆ.

ನಾಚಿಕೆಯಾಯಿತು. ಬೂದು ಬಣ್ಣ ಧೂಳಿನಲ್ಲಿ ಕಾಣುವುದೇ ಇಲ್ಲ. ಬಾಗಿಲು ತೆಗೆದರೆ ಡ್ರೈವರ್ ಸೀಟಿನಲ್ಲಿ ಕಾವು ಕೂತ ಕೋಳಿ. ಸಿದ್ದರಾಜು ಹೆಂಡತಿ ಚಿಕ್ಕಬೋರಮ್ಮ ಅದನ್ನೆತ್ತಿ ಕಂಕುಳಿಗೆ ಸೇರಿಸಿದಳು. "ನಮ್ ಕೋಳಿಗೆ ಒಂದು ಬಂಗ್ಲೆ ಅಂತಿತ್ತು. ಅದ್ನೂ ಮಾರ್ಬುಟ್ರಾ?"

ಗಗನ ನಗಲಿಲ್ಲ. ಮಂಡಿಯೂರಿದರು. ಸೀಟಿನ ಹೊಲಿಗೆ, ಗಾಜಿನ ಮೂಲೆಯ ಗುರುತು, ತುಕ್ಕು — ಒಂದೊಂದನ್ನೂ ಟಾರ್ಚ್ ಹಾಕಿ ನೋಡಿದರು. ಎದ್ದಾಗ ಕಣ್ಣು ಒದ್ದೆ. "ಒಬ್ಬರೂ ಕೈ ಹಾಕಿಲ್ಲ. ಫ್ಯಾಕ್ಟರಿ ಪೇಂಟ್. ಹೀಗೆ ಎಲ್ಲೂ ಸಿಗಲ್ಲ ಮೇಡಂ. ದಯವಿಟ್ಟು ಏನೂ ಟಚ್ ಮಾಡಬೇಡಿ. ಧೂಳು ಕೂಡ ಒರೆಸಬೇಡಿ."

ಅವರು ಹೇಳಿದ ಬೆಲೆ ಕೇಳಿ ನಾನು ಬಾನಿಯ ಅಂಚಿನ ಮೇಲೆ ಕೂತುಬಿಟ್ಟೆ. ಧೂಳಿಗೆ, ತುಕ್ಕಿಗೆ, ಕೋಳಿಯ ಹಿಕ್ಕೆಗೆ ಅಷ್ಟು ಬೆಲೆ! ಸಿದ್ದರಾಜು ನನ್ನನ್ನೂ ಅವರನ್ನೂ ನೋಡಿ ಸುಮ್ಮನೆ ತಲೆಯಾಡಿಸಿದ.

ಮೂರನೆಯ ಭಾನುವಾರ ಒಯ್ಯುತ್ತಾರೆ. ಬಣ್ಣ ಕೆಡದಿದ್ದರೆ ಸಾಕಂತೆ. ಅಡ್ವಾನ್ಸ್ ಕೊಡಲು ಬಂದರು, ನಾನೇ ಬೇಡವೆಂದೆ. ನೆಗ್ಗಿನ ವಿಷಯ, ಅಮ್ಮನ ಷರತ್ತು — ಸಿದ್ದರಾಜುಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅಂಥ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳು ಬೀರಿದ್ದಾಯಿತು. ಸಿದ್ದರಾಜು ಫೋನು. "ನಾಳಿಕೆ ಒಂದ್ಸತಿ ಬಂದೋಗಿ ಸುಬಮ್ಮಾ, ಏನೋ ತೋರುಸ್ಬೇಕು." ನಗುತ್ತಿದ್ದ.

ಜನವರಿ 15, ಬುಧವಾರ. ಮಧ್ಯಾಹ್ನ

ಕೆಂಪು.

ಕ್ರಮವಾಗಿ ಬರೆಯುತ್ತೇನೆ.

ಅಂಗಳದಲ್ಲಿ ಎತ್ತುಗಳು. ಮೈ ತೊಳೆದು, ಕೊಂಬು ಹೆರೆದು ಬಣ್ಣ ಬಳಿದು, ಕೊರಳಿಗೆ ಹಾರ. ಅವುಗಳ ಪಕ್ಕದಲ್ಲಿ ಟೊಮೆಟೊ ಕೆಂಪಿನ, ಕನ್ನಡಿಯಂತೆ ಹೊಳೆಯುವ ಒಂದು ವಸ್ತು. ಅದಕ್ಕೂ ಹಾರ. ಯಾರೋ ನೆಂಟರು ಕಾರಿನಲ್ಲಿ ಬಂದಿದ್ದಾರೆ ಅಂದುಕೊಂಡೆ. ಆಮೇಲೆ ಉಬ್ಬುಗಣ್ಣು ಗುರುತು ಸಿಕ್ಕಿತು.

ಸಿದ್ದರಾಜು ಟೈರಿಗೆ ಗಾಳಿ ತುಂಬಿಸಿ, ಟ್ರಾಕ್ಟರಿಗೆ ಕಟ್ಟಿ, ಮದ್ದೂರಿಗೆ ಎಳೆಸಿಕೊಂಡು ಹೋಗಿದ್ದಾನೆ. ಅಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುವ ಸಂತೋಷ್ ಅವನ ಅಕ್ಕನ ಮಗ. ನಾಲ್ಕು ದಿನದ ಕೆಲಸ. ಹಿಂದಿನ ಗಾಜಿನ ಮೇಲೆ ಹಳದಿ ಅಕ್ಷರ: ಶ್ರೀ ರಂಗನಾಥ ಪ್ರಸನ್ನ. "ನಿಮ್ ದ್ಯಾವ್ರೇ ಆಕ್ಸಿವ್ನಿ," ಎಂದ. ಹೊಸ ಅಂಗಿ ಹಾಕಿಕೊಂಡು ನಿಂತಿದ್ದ.

ಬಣ್ಣ ಮುಟ್ಟಿ ನೋಡಿ ಅಂದೆ, "ಡಾಕ್ಟರು ಮುಟ್ಟಬೇಡಿ ಅಂದಿದ್ದರಲ್ಲ..."

"ಕೊಳ್ಳೋರು ಅಂಗೇ ಅನ್ನದು ಕಣವ್ವಾ, ಸಂಕೋಚಕ್ಕೆ. ಅಂಗಂತ ಅಂಗೇ ಕಳ್ಸಕಾಯ್ತದಾ? ಒಂದು ಓರಿಕರ ಮಾರ್ಬೇಕಾದ್ರೂವೆ ಮೈ ತೊಳ್ದು, ಕೊಂಬಿಗೆ ಬಣ್ಣ ಬುಟ್ಟು, ಅರಿಸ್ನ ಕುಂಕುಮ ಇಕ್ಕಿ ಕೊಳ್ಳೋರ ಕೈಗೆ ಅಗ್ಗ ಕೊಡ್ತೀವಿ. ಸಾಯೇಬ್ರ ಕಾರು ಕೋಳಿ ಪಿಕ್ಕೆ ಒತ್ಕಂಡು ಓಯ್ತದಾ ಮೈಸೂರ್ಗೆ? ನಮ್ ಮರ್ವಾದೆ?"

"ಎತ್ತಿನಂಗೆ ಕಿಚ್ಚೊಂದು ಆಯಿಸ್ನಿಲ್ಲ," ಎಂದಳು ಚಿಕ್ಕಬೋರಮ್ಮ. "ಆಯಿಸೋನೇಯ. ಪೆಟ್ರೋಲ್ ಗಾಡಿ ಕಣ್ಲಾ ಅಂತ ನಾನೇ ತಡದೆ."

ನಾನು ಎಡಗಡೆಗೆ ನಡೆದೆ. ಮುಂದಿನ ಮಡ್‌ಗಾರ್ಡ್. ನುಣುಪು. ಮೊಟ್ಟೆಯ ಬೆನ್ನಿನಂತೆ.

ಸಿದ್ದರಾಜು ಹತ್ತಿರ ಬಂದು ದನಿ ತಗ್ಗಿಸಿದ. "ಅದ್ನೂ ತಗ್ಸಿಬುಟ್ಟೆ. ಐವತ್ತು ವರ್ಸದಿಂದ ಊರೆಲ್ಲ ಅಮ್ಮಾವ್ರು ಗುದ್ದಿದ್ ಕಾರು, ಅಮ್ಮಾವ್ರು ಗುದ್ದಿದ್ ಕಾರು ಅಂತಿತ್ತು. ಅವ್ರ ಎಸ್ರಲ್ಲಿ ಅದೊಂದು ಕಳಂಕ ಇರಬಾರ್ದು."

ಅವನ ಕಣ್ಣಲ್ಲಿ ನೀರು. ನಾನು "ಸರಿ" ಎಂದೆ. ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಬಸ್ಸು ಬದಲಿಸಿದ್ದು ನೆನಪಿಲ್ಲ.

ರಾತ್ರಿ

ಅಮ್ಮ ಕೇಳಿದಳು: "ನಮ್ಮ ಕಪ್ಪೆ ಹೇಗಿದೆ?"

"ಹಾಗೇ ಇದೆ," ಎಂದೆ.

ಜನವರಿ 16, ಗುರುವಾರ

ಗಗನರಿಗೆ ಫೋನಿನಲ್ಲಿ ಹೇಳಿದೆ. "ಪೂರ್ತಿನಾ?" ಎಂದರು. ಪೂರ್ತಿ ಎಂದೆ. "ಭಾನುವಾರ ಬಂದು ನೋಡ್ತೀನಿ. ಆದರೆ ಮೇಡಂ... ಪ್ರಾಮಿಸ್ ಮಾಡಲ್ಲ."

ಕೊಳ್ಳದಿದ್ದರೆ ಬೇಡ. ನನ್ನ ಎದೆಯೊಡೆಯುತ್ತಿರುವುದು ಅದಕ್ಕಲ್ಲ. ಅಮ್ಮನಿಗೆ ಕಣ್ಣಿಲ್ಲ. ಕೆಂಪು ಅವಳಿಗೆ ಕಾಣುವುದಿಲ್ಲ. ಕಾಣುವುದು ಕೈಗೆ.

ಜನವರಿ 18, ಶನಿವಾರ

ನಾಳೆ ನೀನು ಬರಬೇಡ, ಬಿಸಿಲು ಎಂದೆ. ಜನವರಿಯಲ್ಲಿ ಏನು ಬಿಸಿಲೇ ಎಂದಳು. ರಸ್ತೆ ಸರಿಯಿಲ್ಲ ಎಂದೆ. ಅಮ್ಮ ಬೀರುವಿನ ಮುಂದೆ ನಿಂತು ಒಂದೊಂದೇ ಸೀರೆ ತಡವಿ, ಜರಿಯಂಚಿನದನ್ನು ಎಳೆದಳು.

ಹಂಗೇರಿಯನ್ ಕಾದಂಬರಿ ತೆರೆದೆ. ಒಂದೇ ಪ್ಯಾರಾ, ನಾಲ್ಕು ಸಲ.

ಜನವರಿ 19, ಭಾನುವಾರ. ಸಂಜೆ

ಅಮ್ಮನಿಗೆ ಏನೂ ಆಗಿಲ್ಲ. ಇದನ್ನು ಮೊದಲು ಬರೆದುಬಿಡಬೇಕು. ಒಂದು ತರಚು ಗಾಯವೂ ಇಲ್ಲ.

ಹನ್ನೊಂದಕ್ಕೆ ತಲುಪಿದೆವು. ಗಗನ ಮೊದಲೇ ಬಂದು ಕಾರಿನಿಂದ ದೂರ ನಿಂತಿದ್ದರು, ಸಾವಿನ ಮನೆಗೆ ಬಂದವರ ಹಾಗೆ. ಅಮ್ಮನ ಕೈ ಹಿಡಿದು ಕಾರಿನ ಬಳಿ ಬಿಟ್ಟೆ. ಬಾನೆಟ್ ಮೇಲೆ ಅಂಗೈ ಇಟ್ಟಳು. "ಇದೇನೇ ಇಷ್ಟು ನುಣ್ಣಗೆ?" ಕೈ ಹಾಗೇ ಎಡಕ್ಕೆ ಇಳಿಯಿತು. ಮಡ್‌ಗಾರ್ಡಿನ ಮೇಲೆ ಒಮ್ಮೆ. ಮತ್ತೊಮ್ಮೆ. ಉಗುರಿನಿಂದ ಕೆರೆದಳು.

"ಎಲ್ಲೋ ಹೋಯ್ತು, ಸಿದ್ದ?"

"ತಗ್ಸಿಬುಟ್ಟೆ ಕಣವ್ವಾ. ನಿಮ್ ಎಸ್ರಿಗೆ ಅಂಟ್ಕಂಡಿದ್ದ ಕಳಂಕ..."

"ನನ್ನ ಹೆಸರು ಯಾಕೋ ಹೇಳ್ತೀಯ? ಗುದ್ದಿದವನು ನೀನು."

ಸಿದ್ದರಾಜು ನೆಲಕ್ಕೆ ಕುಕ್ಕರಿಸಿದ. ಚಿಕ್ಕಬೋರಮ್ಮನೇ ಮೊದಲು ಬಾಯಿ ಬಿಟ್ಟಳು: "ಎಲಾ ಇವ್ನಾ! ಇಷ್ಟು ವರ್ಸ ನನ್ ತಾವ ಉಸ್ರೇ ಬುಡ್ನಿಲ್ವಲ್ಲಾ ನೀನು!"

"ಬೈಬೇಡ ಕಣೇ ಅವನಿಗೆ," ಎಂದಳು ಅಮ್ಮ. "ಹೊಡಿ ಅಂತ ಹೇಳಿದ್ದು ನಾನು. ಆಸೆಯಿಂದ ಸ್ಟೇರಿಂಗ್ ನೋಡ್ತಾ ಕೂತಿದ್ದ. ಹದಿನೆಂಟರ ಹುಡುಗ, ಅವರಪ್ಪನ ಅಂಗಳದಲ್ಲೇ ಗುದ್ದಿ ಅಳೋಕೆ ಶುರು ಮಾಡಿದ. ಕೆಲಸ ಹೋಗ್ತದೆ ಅಂತ. ಇಳಿಯೋ ಅಂದೆ, ಒಳಗಿದ್ದವರು ಬರೋದ್ರೊಳಗೆ ಡ್ರೈವರ್ ಸೀಟಿಗೆ ಸರಿದು ಕೂತೆ. ಅಷ್ಟೆ."

"ಅಪ್ಪನಿಗೆ..." ಎಂದೆ.

"ಸಂಜೆ ನಿಮ್ಮಪ್ಪ ಬಂದರು. ಬೈತಾರೆ ಅಂತ ಕಾದೆ. 'ನೀನಾ, ಆಂಡಾಳ್? ನೀನೇ ಹೊಡೆದೆಯಾ?' ಅಂತ ಅವರ ಮುಖ... ಮದುವೆಯಾದ ಮೇಲೆ ನನ್ನ ಕಡೆ ಹಾಗೆ ನೋಡಿದ್ದು ಅದೇ ಮೊದಲು ಕಣೇ ಶುಭಾ. ಆಮೇಲೆ ಹೇಗೆ ಹೇಳಲಿ? ಮತ್ತೆ ಹೊಡಿ ಅಂದಾಗೆಲ್ಲ ಒಂದು ಸಲ ಗುದ್ದಿದ್ದು ಸಾಕು ಅಂತಿದ್ದೆ. ನನ್ನ ಜನ್ಮದಲ್ಲಿ ಕಾರು ಹೊಡೆದವಳಲ್ಲ ನಾನು."

ಐವತ್ತೊಂದು ವರ್ಷ. ನಾನು ಮಡಿಲಲ್ಲಿದ್ದೆ. ಕಥೆಯಲ್ಲಿ ಯಾವಾಗಲೂ ನಾನು ಮಡಿಲಲ್ಲೇ ಇದ್ದೆ! ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೆಂಗಸೊಬ್ಬಳು ಕಾರು ಹೇಗೆ ಹೊಡೆದಾಳು? ಯಾರದೋ ಕಾದಂಬರಿಯ ಎಡಗೈ ಬಲಗೈಗೆ ಪೆನ್ಸಿಲ್ ಗುರುತು ಹಾಕುವವಳು ನಾನು.

ಆಗ ಅಮ್ಮ ಬಾಗಿಲು ತಡವಿದಳು. "ತೆಗಿ. ಕೂರ್ತೀನಿ. ಯಾವ ಸೀಟು ಅದು — ಅದೇ. ಈಗ ತಳ್ಳೋ ಸಿದ್ದ."

"ಬ್ರೇಕಿಲ್ಲ ಕಣವ್ವಾ! ಬಣ್ಣ ಒಂದೇ ಮಾಡ್ಸಿರದು."

"ಅವತ್ತು ಇತ್ತು. ನೀನೇನು ಹಿಡಿದೆಯಾ?"

ಗಗನ ಫಕ್ಕನೆ ನಕ್ಕರು. ಬೆಳಿಗ್ಗೆಯಿಂದ ಮೊದಲ ಸಲ. ತಾವೇ ಹಿಂದೆ ಹೋಗಿ ಕೈ ಕೊಟ್ಟರು. ಸಿದ್ದರಾಜು ಕಣ್ಣೊರೆಸಿಕೊಂಡು ಎದ್ದ. ನಾನೂ ತಳ್ಳಿದೆ. ನಾಲ್ಕು ಹೆಜ್ಜೆ ತಳ್ಳಿ ನಿಲ್ಲಿಸುವುದು ಎಂದು ಮಾತು. ಅಂಗಳ ಇಳಿಜಾರು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಐದನೆಯ ಹೆಜ್ಜೆಗೆ ಕಾರು ನಮ್ಮ ಕೈಯಿಂದ ಮುಂದೆ ಹೋಯಿತು. ತಾನಾಗಿ. ನಡೆಯುವ ಮನುಷ್ಯನ ವೇಗದಲ್ಲಿ. ಒಳಗೆ ಜರಿಯಂಚಿನ ಸೀರೆ, ನೆಟ್ಟಗೆ ಕೂತ ಬೆನ್ನು, ಸ್ಟೇರಿಂಗ್ ಮೇಲೆ ಎರಡೂ ಕೈ.

"ಬಲಕ್ಕವ್ವಾ, ಬಲಕ್ಕೆ!" ಸಿದ್ದರಾಜು ಓಡಿದ.

ಅಮ್ಮ ಎಡಕ್ಕೆ ತಿರುಗಿಸಿದಳು.

ಅದೇ ಬಾನಿ. ಅದೇ ಮಡ್‌ಗಾರ್ಡ್. ಸದ್ದು ದೊಡ್ಡದಲ್ಲ, ತೆಂಗಿನಕಾಯಿ ಒಡೆದಷ್ಟು. ಚಿಕ್ಕಬೋರಮ್ಮ "ಅಯ್ಯೋ ನನ್ನವ್ವ" ಎಂದು ಓಡಿ ಬಾಗಿಲು ತೆಗೆದಳು. ಅಮ್ಮ ನಗುತ್ತಿದ್ದಳು. ಉಸಿರು ಹಿಡಿಯಲಾಗದೆ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು. ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಗಗನ ಮಡ್‌ಗಾರ್ಡಿನ ಮುಂದೆ ಕೂತಿದ್ದರು. "ಮೇಡಂ. ಇಲ್ಲಿ ಬನ್ನಿ."

ಸಂತೋಷ್ ನೆಗ್ಗನ್ನು ಎತ್ತಿಯೇ ಇರಲಿಲ್ಲ. ಗುಂಡಿ ತುಂಬುವಂತೆ ಪುಟ್ಟಿ ಪೇಸ್ಟ್ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದ. ಗುದ್ದಿದ ಏಟಿಗೆ ಆ ಪುಟ್ಟಿ ಇಡಿಯಾಗಿ ಕಳಚಿ ಬಿದ್ದಿತ್ತು, ಕೆಂಪು ಬೆನ್ನಿನ ಬಿಲ್ಲೆಯ ಹಾಗೆ. ಅದರ ಕೆಳಗೆ ಹಳೆಯ ಬೂದು. ಬೂದಿನ ನಡುವೆ ಹಳೆಯ ನೆಗ್ಗು, ಇದ್ದ ಹಾಗೇ.

ಅಮ್ಮನ ಕೈ ತಂದು ಅದರ ಮೇಲಿಟ್ಟೆ. ಸರಿಯಾಗಿ ಕೂತಿತು.

"ಇದಲ್ಲ," ಎಂದಳು. ಬೆರಳು ಪಕ್ಕಕ್ಕೆ ಸರಿಸಿದಳು. ಅಂಚಿನಲ್ಲಿ ಇನ್ನೊಂದು, ಹುಣಸೆ ಬೀಜದಷ್ಟು. ಇವತ್ತಿನದು. "ಇದು ನನ್ನದು."

ಗಗನ ಉಗುರಿನಿಂದ ಕೆಂಪಿನ ಅಂಚು ಎಬ್ಬಿಸಿ ನೋಡುತ್ತಿದ್ದರು. ಸಂತೋಷ್ ಹಳೆಯ ಬಣ್ಣ ಕೆರೆಯದೆ ಅದರ ಮೇಲೇ ಹೊಡೆದಿದ್ದಾನೆ, ಸೋಮಾರಿತನಕ್ಕೆ. ನಿಧಾನವಾಗಿ ಬಿಡಿಸಿದರೆ ಹಳೆಯ ಬೂದು ಮತ್ತೆ ಬಂದರೂ ಬರಬಹುದಂತೆ, ವರ್ಷ ಹಿಡಿದರೂ ಸರಿಯಂತೆ. "ತಗೋತೀನಿ. ಎರಡು ನೆಗ್ಗೂ ಹಾಗೇ ಇರ್ತವೆ. ಮುಂದಿನ ಭಾನುವಾರ ಲಾರಿ ತರ್ತೀನಿ. ಸಿದ್ದರಾಜು ಅವ್ರೇ, ನಿಮಗೆ ಕೈ ಮುಗೀತೀನಿ—"

"ಮುಟ್ಟಾಕಿಲ್ಲ ತಾಯಿ," ಎಂದ. "ಕೋಳಿನೂ ಬುಡಾಕಿಲ್ಲ."

ಬರುವಾಗ ಆಟೋದಲ್ಲಿ ಅಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಕೇಳಬೇಕೆಂದಿದ್ದೆ: ನನ್ನನ್ನು ಇಷ್ಟು ವರ್ಷ ಎಲ್ಲರೂ ಹಂಗಿಸುವಾಗ ನೀನು ಸುಮ್ಮನೆ ಯಾಕೆ... ಮಂಡ್ಯ ಬಂತು. ಕೇಳಲಿಲ್ಲ.

ಈಗ ಒಳಗಿನಿಂದ ಕರೆಯುತ್ತಿದ್ದಾಳೆ. ಡ್ರಾಪ್ಸಿಗಲ್ಲ. ಮುಂದಿನ ಭಾನುವಾರ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ, ಅದಕ್ಕೆ ಮುಂಚೆ ಒಂದು ಗಂಟೆ ಬಿಡುವಿದೆಯೇ, ಈ ಸಲ ಸ್ಟೇರಿಂಗಿನಲ್ಲಿ ನೀನು ಕೂತರೆ ತಳ್ಳೋಕೆ ನಾನಿದ್ದೀನಿ ಎನ್ನುತ್ತಿದ್ದಾಳೆ.